ಡೆಂಗ್ಯೂ: ಜ್ವರ ಇಳಿದ ದಿನವೇ ಜಾಸ್ತಿ ಹುಷಾರಾಗಿರಿ, ಹಾಸಿಗೆ ಪಕ್ಕದಲ್ಲೇ ಮಾಡುವ ಈ ಪರೀಕ್ಷೆಗಳು ಗೊತ್ತಿರಲಿ

ಒಂದೆರಡು ವಾರ ಮಳೆ ಹೊಯ್ದು ಆಮೇಲೆ ಬಿಸಿಲು ಬಂತು ಅಂದ್ರೆ ನಮ್ಮ ಕಡೆ ಜ್ವರದ ಸೀಸನ್ ಶುರುವಾಯ್ತು ಅಂತಲೇ ಲೆಕ್ಕ. ಮೆಡಿಕಲ್ ಸ್ಟೋರ್ ಮುಂದೆ, ಲ್ಯಾಬ್ ಬಾಗಿಲಲ್ಲಿ, ಬಸ್ ಸ್ಟ್ಯಾಂಡ್ ಹೋಟೆಲ್‌ನಲ್ಲಿ, ಎಲ್ಲಿ ಕೇಳಿದರೂ ಒಂದೇ ಮಾತು: "ಪ್ಲೇಟ್‌ಲೆಟ್ ಎಷ್ಟಿದೆಯಂತೆ?"

ಆದರೆ ಡೆಂಗ್ಯೂನಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಬೇರೆ ವಿಷಯ. ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ, ಬಿಪಿ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಇದು ಆಗುವುದು ಜ್ವರ 103, 104 ಇದ್ದಾಗಲ್ಲ. ಜ್ವರ ಇಳಿದು "ಅಬ್ಬಾ, ವಾಸಿಯಾಯ್ತು" ಅಂತ ಮನೆಯವರು ಉಸಿರು ಬಿಡುವ ಹೊತ್ತಿಗೆ. ಎಷ್ಟೋ ಜನ ನಾಲ್ಕನೇ ದಿನ ಜ್ವರ ಇಲ್ಲ ಅಂತ ಷಟರ್ ಎತ್ತಿ ಅಂಗಡಿಯಲ್ಲಿ ಕೂರುವುದು ಇದೇ ಸಮಯದಲ್ಲಿ.

ಈ ಸೋರಿಕೆಯ ಸುಳಿವು ಹಿಡಿಯೋಕೆ ದೊಡ್ಡ ಮಷಿನ್ ಬೇಕಿಲ್ಲ. ಥರ್ಮಾಮೀಟರ್, ಬಿಪಿ ಮಷಿನ್, ಸೆಕೆಂಡ್ ಮುಳ್ಳಿರುವ ಗಡಿಯಾರ ಮತ್ತು ಒಂದು ನೋಟ್‌ಬುಕ್ ಸಾಕು. ಡಾಕ್ಟರು, ನರ್ಸ್‌ಗಳು ರೋಗಿಯ ಹಾಸಿಗೆ ಪಕ್ಕದಲ್ಲೇ ನಿಂತು ಮಾಡುವ ಈ ಸರಳ ಪರೀಕ್ಷೆಗಳು ಏನು, ಯಾವುದನ್ನು ಮನೆಯಲ್ಲಿ ನೋಡಬಹುದು, ಯಾವುದನ್ನು ನೋಡಬಾರದು ಅಂತ ಒಂದೊಂದಾಗಿ ತಿಳಿಯೋಣ.

ಮೊದಲು ದಿನ ಎಣಿಸಿ

ಡೆಂಗ್ಯೂ ವೈರಸ್ ಇರುವ ಈಡಿಸ್ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಬರುತ್ತದೆ. ಜ್ವರ ಶುರುವಾದ ದಿನವನ್ನು ಒಂದನೇ ದಿನ ಅಂತ ಇಟ್ಟುಕೊಳ್ಳಿ. ಇದನ್ನು ಬರೆದಿಡಿ, ಯಾಕಂದ್ರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆಯೇ "ಎಷ್ಟನೇ ದಿನ?" ಅಂತ.

ಕಾಯಿಲೆಗೆ ಮೂರು ಹಂತ. ಮೊದಲನೆಯದು ಜ್ವರದ ಹಂತ, 2ರಿಂದ 7 ದಿನ. ಏಕಾಏಕಿ ಜೋರು ಜ್ವರ, ತಲೆನೋವು, ಕಣ್ಣುಗುಡ್ಡೆಯ ಹಿಂದೆ ನೋವು, ಮೈಕೈ ಕೀಲು ನೋವು, ವಾಕರಿಕೆ. ಎರಡನೆಯದು ಅಪಾಯದ ಹಂತ. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಜ್ವರ 100.4 ಡಿಗ್ರಿಗಿಂತ ಕೆಳಗೆ ಬರುವ ಹೊತ್ತಿಗೆ ಇದು ಶುರುವಾಗುತ್ತದೆ. ಸೋರಿಕೆ ಆಗುವುದಾದರೆ ಈ 24ರಿಂದ 48 ಗಂಟೆಯಲ್ಲೇ ಆಗುತ್ತದೆ. ಮೂರನೆಯದು ಚೇತರಿಕೆ. ಸೋರಿದ ನೀರು ರಕ್ತನಾಳಕ್ಕೆ ವಾಪಸ್ ಬರುತ್ತದೆ, ಹಸಿವು ಶುರುವಾಗುತ್ತದೆ, ಕೆಲವರಿಗೆ ಮೈಯೆಲ್ಲ ಕೆಂಪಾಗಿ ನಡುನಡುವೆ ಬಿಳಿ ಮಚ್ಚೆ ಉಳಿದು ತುರಿಕೆ ಬರುತ್ತದೆ.

ಹೆದರಿಕೊಳ್ಳಬೇಡಿ, ಡೆಂಗ್ಯೂ ಬಂದವರಲ್ಲಿ ಹೆಚ್ಚಿನವರು ಈ ಎರಡನೇ ಹಂತವನ್ನು ತೊಂದರೆ ಇಲ್ಲದೆ ದಾಟುತ್ತಾರೆ. ಆದರೆ ಯಾರಿಗೆ ತೊಂದರೆ ಆಗುತ್ತೆ ಅಂತ ಮೊದಲೇ ಹೇಳಲು ಆಗಲ್ಲ. ಅದಕ್ಕೇ ಎಲ್ಲರನ್ನೂ ಆ ಎರಡು ದಿನ ಕಣ್ಣಿಟ್ಟು ನೋಡಬೇಕು.

ಇನ್ನೊಂದು ಮಾತು. "ನಮಗೆ ಹೋದ ವರ್ಷ ಬಂದು ಹೋಗಿದೆ, ಮತ್ತೆ ಬರಲ್ಲ" ಅಂತ ಕೆಲವರು ನಂಬಿದ್ದಾರೆ. ಡೆಂಗ್ಯೂ ವೈರಸ್‌ನಲ್ಲಿ 4 ಬಗೆ ಇವೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ಬರಬಹುದು. ಎರಡನೇ ಸಲ ಬಂದಾಗ ಅಪಾಯ ಜಾಸ್ತಿಯೇ.

ಬಿಪಿ ಪಟ್ಟಿ ಕಟ್ಟಿ ಚುಕ್ಕಿ ಎಣಿಸುವ ಪರೀಕ್ಷೆ

ಇದಕ್ಕೆ ಟೂರ್ನಿಕೆಟ್ ಟೆಸ್ಟ್ ಅಂತ ಹೆಸರು. ಡೆಂಗ್ಯೂನಲ್ಲಿ ಸಣ್ಣ ರಕ್ತನಾಳಗಳು ದುರ್ಬಲ ಆಗಿರುತ್ತವೆ. ಸ್ವಲ್ಪ ಒತ್ತಡ ಬಿದ್ದರೂ ಚರ್ಮದ ಕೆಳಗೆ ರಕ್ತ ಜಿನುಗಿ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕಿಗಳು ಏಳುತ್ತವೆ. ಪರೀಕ್ಷೆ ನೋಡುವುದು ಅದನ್ನೇ.

ಮಾಡುವ ಕ್ರಮ ಹೀಗಿದೆ. ಮೊದಲು ರೋಗಿಯ ಬಿಪಿ ನೋಡುತ್ತಾರೆ. 120/80 ಇದೆ ಅಂತ ಇಟ್ಟುಕೊಳ್ಳಿ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 100. ತೋಳಿಗೆ ಕಟ್ಟಿದ ಪಟ್ಟಿಯಲ್ಲಿ ಗಾಳಿ ತುಂಬಿ ಆ 100ರಲ್ಲೇ 5 ನಿಮಿಷ ಹಿಡಿದಿಡುತ್ತಾರೆ. ಆಮೇಲೆ ಗಾಳಿ ಬಿಟ್ಟು 2 ನಿಮಿಷ ಕಾಯುತ್ತಾರೆ. ಮೊಣಕೈ ಮಡಿಕೆಯ ಕೆಳಗೆ, ಮುಂಗೈ ಒಳಭಾಗದಲ್ಲಿ ಒಂದಿಂಚು ಉದ್ದ, ಒಂದಿಂಚು ಅಗಲದ ಚೌಕ ಗುರುತು ಮಾಡಿ ಅದರಲ್ಲಿ ಎಷ್ಟು ಹೊಸ ಚುಕ್ಕಿ ಎದ್ದಿವೆ ಅಂತ ಎಣಿಸುತ್ತಾರೆ. 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಾಸಿಟಿವ್.

ಸೊಳ್ಳೆ ಕಡಿದ ಗುರುತಿಗೂ ಈ ಚುಕ್ಕಿಗೂ ವ್ಯತ್ಯಾಸ ಇದೆ. ಸೊಳ್ಳೆ ಕಡಿದ ಕೆಂಪನ್ನು ಬೆರಳಲ್ಲಿ ಒತ್ತಿದರೆ ಆ ಕ್ಷಣಕ್ಕೆ ಮಾಯ ಆಗುತ್ತದೆ. ರಕ್ತ ಜಿನುಗಿದ ಚುಕ್ಕಿ ಒತ್ತಿದರೂ ಹಾಗೇ ಉಳಿಯುತ್ತದೆ.

ಈಗ ಮುಖ್ಯವಾದ ಮಾತು: ಈ ಪರೀಕ್ಷೆಯನ್ನೇ ಪೂರ್ತಿ ನಂಬಿ ಕೂರುವಂತಿಲ್ಲ. 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ನಿಜವಾಗಿ ಡೆಂಗ್ಯೂ ಇದ್ದ 100 ಜನರಲ್ಲಿ ಸುಮಾರು 58 ಜನರಿಗೆ ಮಾತ್ರ ಇದು ಪಾಸಿಟಿವ್ ತೋರಿಸಿತ್ತು. ಅಂದ್ರೆ ಹತ್ತಿರ ಹತ್ತಿರ 42 ಜನ ತಪ್ಪಿಹೋಗುತ್ತಾರೆ. ಡೆಂಗ್ಯೂ ಇಲ್ಲದ 100 ಜನರಲ್ಲೂ ಸುಮಾರು 29 ಜನರಿಗೆ ಪಾಸಿಟಿವ್ ಬಂದಿತ್ತು. ಬೇರೆ ಜ್ವರಗಳಲ್ಲೂ ಚುಕ್ಕಿ ಏಳಬಹುದು. ಕಪ್ಪು ಮೈಬಣ್ಣದವರಲ್ಲಿ ಚುಕ್ಕಿ ಕಾಣೋದು ಕಷ್ಟ. ಬಿಪಿ ಪೂರ್ತಿ ಕುಸಿದವರಲ್ಲಿ ಚುಕ್ಕಿ ಬಾರದೇ ಇರಬಹುದು, ಅದಂತೂ ಇನ್ನೂ ಅಪಾಯ.

ಹಾಗಾದ್ರೆ ಯಾಕೆ ಮಾಡ್ತಾರೆ? ಲ್ಯಾಬ್ ದೂರ ಇರುವ ಕಡೆ, ಪೈಸೆ ಖರ್ಚಿಲ್ಲದೆ, ಹತ್ತು ನಿಮಿಷದೊಳಗೆ ಒಂದು ಸುಳಿವು ಸಿಗುತ್ತದೆ ಅಂತ. ಜ್ವರದ ಜೊತೆ ಮೈಕೈ ನೋವು, ವಾಕರಿಕೆ, ಗಂಧೆ, ಬಿಳಿ ರಕ್ತಕಣ ಕಡಿಮೆ ಆಗಿರುವುದು, ಈ ಪರೀಕ್ಷೆ ಪಾಸಿಟಿವ್ ಬಂದಿರುವುದು, ಇಂಥದ್ದರಲ್ಲಿ ಎರಡು ಸೇರಿದರೆ ಡೆಂಗ್ಯೂ ಇರಬಹುದು ಅಂತ ಶಂಕಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ.

ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಮನೆಯ ಡಿಜಿಟಲ್ ಬಿಪಿ ಮಷಿನ್ ತಾನಾಗಿಯೇ ಗಾಳಿ ಬಿಟ್ಟುಬಿಡುತ್ತದೆ, 5 ನಿಮಿಷ ಒಂದೇ ಒತ್ತಡದಲ್ಲಿ ನಿಲ್ಲಲ್ಲ. ಅದರ ಬದಲು ಟವೆಲ್, ಹಗ್ಗ ಕಟ್ಟುವುದು ತಪ್ಪು. ಒತ್ತಡ ಎಷ್ಟಿದೆ ಅಂತ ಗೊತ್ತಾಗಲ್ಲ, ಕೈಗೆ ಪೆಟ್ಟಾಗಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಅವರೇ ಮಾಡುತ್ತಾರೆ.

ಉಗುರು ಒತ್ತಿ ನೋಡಿ: 2 ಸೆಕೆಂಡ್ ಲೆಕ್ಕ

ಇದನ್ನು ಮನೆಯಲ್ಲಿ ಯಾರು ಬೇಕಾದರೂ ನೋಡಬಹುದು. ರೋಗಿಯ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಬೆರಳಿನ ಉಗುರನ್ನು ಬೆಳ್ಳಗಾಗುವಷ್ಟು 5 ಸೆಕೆಂಡ್ ಒತ್ತಿ ಬಿಡಿ. ಎಷ್ಟು ಹೊತ್ತಿಗೆ ಮತ್ತೆ ಗುಲಾಬಿ ಬಣ್ಣ ಬರುತ್ತೆ ಅಂತ ನೋಡಿ. 2 ಸೆಕೆಂಡ್ ಒಳಗೆ ಬರಬೇಕು.

ಅದಕ್ಕಿಂತ ತಡವಾದರೆ ಕೈಕಾಲಿನ ತುದಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ ಅಂತ ಅರ್ಥ. ಸೋರಿಕೆ ಆದಾಗ ದೇಹ ಹೃದಯ, ಮಿದುಳಿಗೆ ರಕ್ತ ಉಳಿಸಿಕೊಳ್ಳಲು ಕೈಕಾಲಿನ ರಕ್ತ ಕಡಿಮೆ ಮಾಡುತ್ತದೆ. ಹಾಗಾಗಿ ಜ್ವರ ಇಳಿದ ಮೇಲೆ ಅಂಗೈ, ಪಾದ ತಣ್ಣಗೆ, ಬೆವರಿ ಅಂಟಂಟು ಆಗಿದ್ದರೆ ಅದೂ ಕೆಟ್ಟ ಸೂಚನೆ.

ಬೆಳಕಲ್ಲಿ ನೋಡಿ, ಮೊಬೈಲ್ ಟಾರ್ಚ್ ಆದರೂ ಸರಿ. ಮದರಂಗಿ, ನೇಲ್ ಪಾಲಿಶ್ ಇರುವ ಬೆರಳು ಬೇಡ. ಚಳಿಯಲ್ಲಿ ಆರೋಗ್ಯವಂತರಿಗೂ ತಡ ಆಗಬಹುದು, ಆದ್ದರಿಂದ ಕೈ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡಿ. ಅಳತೆ ಗೊತ್ತಾಗದಿದ್ದರೆ ನಿಮ್ಮ ಉಗುರನ್ನೂ ಒತ್ತಿ ಪಕ್ಕದಲ್ಲಿಟ್ಟು ಹೋಲಿಸಿ.

ಬಿಪಿಯಲ್ಲಿ ಕಳೆಯೋ ಲೆಕ್ಕ

ಬಿಪಿಯ ಮೇಲಿನ ಸಂಖ್ಯೆ ಒಂದನ್ನೇ ನೋಡಿ ಸಮಾಧಾನ ಪಡುವುದು ಡೆಂಗ್ಯೂನಲ್ಲಿ ಮೋಸ ಹೋಗುವ ಜಾಗ. ಮೇಲಿನದರಲ್ಲಿ ಕೆಳಗಿನದನ್ನು ಕಳೆಯಿರಿ. 120/80 ಇದ್ದರೆ ವ್ಯತ್ಯಾಸ 40, ಪರವಾಗಿಲ್ಲ. 105/88 ಇದ್ದರೆ? ಮೇಲಿನದು ನೂರರ ಮೇಲೇ ಇದೆ, ಮಾಮೂಲಿ ಅನಿಸುತ್ತೆ. ಆದರೆ ವ್ಯತ್ಯಾಸ ಬರೀ 17.

ವ್ಯತ್ಯಾಸ 20 ಅಥವಾ ಅದಕ್ಕಿಂತ ಕಡಿಮೆ ಆದರೆ ಅದು ಡೆಂಗ್ಯೂ ಶಾಕ್‌ನ ಲಕ್ಷಣ. ಇದಕ್ಕೆ ಪಲ್ಸ್ ಪ್ರೆಶರ್ ಅಂತಾರೆ. ರಕ್ತನಾಳ ಬಿಗಿಯಾಗಿ ಕೆಳಗಿನ ಸಂಖ್ಯೆ ಮೇಲೇರುತ್ತದೆ, ಹೃದಯ ತಳ್ಳುವ ರಕ್ತ ಕಡಿಮೆಯಾಗಿ ಮೇಲಿನದು ಇಳಿಯುತ್ತದೆ, ಎರಡೂ ಹತ್ತಿರ ಬರುತ್ತವೆ. ಆ ಹೊತ್ತಲ್ಲಿ ರೋಗಿ ಮಾತಾಡ್ತಾ ಇರಬಹುದು, ನೋಡೋಕೆ ಚೆನ್ನಾಗೇ ಕಾಣಬಹುದು. ಮೇಲಿನ ಸಂಖ್ಯೆ ಕುಸಿಯುವವರೆಗೆ ಕಾದರೆ ತಡ ಆಗಿಹೋಗುತ್ತದೆ.

ಮೊದಲೇ ಬಿಪಿ ಕಾಯಿಲೆ ಇರುವವರಿಗೆ 110 ಕೂಡ ಕಡಿಮೆಯೇ ಇರಬಹುದು. ಅವರ ಮಾಮೂಲಿ ಬಿಪಿ ಎಷ್ಟು ಅಂತ ಡಾಕ್ಟರಿಗೆ ಹೇಳಿ. ಡಿಜಿಟಲ್ ಮಷಿನ್ ಪದೇ ಪದೇ ಎರರ್ ತೋರಿಸಿದರೆ ಸೆಲ್ ಬದಲಾಯಿಸ್ತಾ ಕೂರಬೇಡಿ. ನಾಡಿ ತೀರಾ ಕ್ಷೀಣ ಆಗಿದ್ದರೂ ಮಷಿನ್‌ಗೆ ಸಿಗಲ್ಲ. ಆಗ ನೇರವಾಗಿ ಆಸ್ಪತ್ರೆಗೆ ಹೊರಡಿ.

ಮೂತ್ರ ಎಷ್ಟು ಸಲ ಹೋದ್ರು?

ಕೇಳೋಕೆ ಮುಜುಗರ, ಆದರೆ ಇದು ಖರ್ಚಿಲ್ಲದ ಒಳ್ಳೇ ಪರೀಕ್ಷೆ. ದೇಹದಲ್ಲಿ ನೀರು ಸಾಕಷ್ಟಿದ್ದರೆ 4ರಿಂದ 6 ಗಂಟೆಗೊಮ್ಮೆಯಾದರೂ ಮೂತ್ರ ಬರಬೇಕು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೋಗೇ ಇಲ್ಲ ಅಂದ್ರೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳಿದ್ದರೆ ಅಮ್ಮನಿಗೆ ಇದು ತಕ್ಷಣ ಗೊತ್ತಾಗುತ್ತೆ. ದೊಡ್ಡವರು ಹೇಳಲ್ಲ, ಕೇಳಿ ಬರೆದುಕೊಳ್ಳಬೇಕು.

ಅಂಗಡಿಯಲ್ಲಿ ಸಾಲದ ಲೆಕ್ಕ ಬರೆಯುವ ಹಾಗೆ ಒಂದು ಹಾಳೆಯಲ್ಲಿ ಗೆರೆ ಹೊಡೆಯಿರಿ: ಗಂಟೆ, ಜ್ವರ, ಬಿಪಿ, ವ್ಯತ್ಯಾಸ, ಎಷ್ಟು ಲೋಟ ಕುಡಿದ್ರು, ಮೂತ್ರ. ನಾಲ್ಕು ಗಂಟೆಗೊಮ್ಮೆ ತುಂಬಿಸಿ. ಆಸ್ಪತ್ರೆಗೆ ಹೋಗುವಾಗ ಇದನ್ನೂ ತಗೊಂಡು ಹೋಗಿ. ಡಾಕ್ಟರಿಗೆ ಇದರಿಂದ ತುಂಬಾ ಅನುಕೂಲ.

ಲ್ಯಾಬ್ ಟೆಸ್ಟ್: ಯಾವ ದಿನ ಯಾವುದು

ಡೆಂಗ್ಯೂ ಹೌದೋ ಅಲ್ಲವೋ ಅಂತ ಖಚಿತ ಮಾಡಲು ರಕ್ತ ಪರೀಕ್ಷೆಯೇ ಬೇಕು. ಜ್ವರದ ಮೊದಲ 5 ದಿನಗಳಲ್ಲಿ ಎನ್‌ಎಸ್‌1 ಟೆಸ್ಟ್. ಇದು ವೈರಸ್‌ನ ಒಂದು ಪ್ರೋಟೀನನ್ನು ಹಿಡಿಯುತ್ತದೆ. 5ನೇ ದಿನದ ನಂತರ ಐಜಿಎಂ ಟೆಸ್ಟ್. ಇದು ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹಿಡಿಯುತ್ತದೆ. ಎರಡನೇ ದಿನವೇ ಐಜಿಎಂ ಮಾಡಿಸಿ "ನೆಗೆಟಿವ್ ಬಂತು, ಡೆಂಗ್ಯೂ ಅಲ್ಲ" ಅಂದುಕೊಂಡರೆ ತಪ್ಪಾಗುತ್ತದೆ. ಎನ್‌ಎಸ್‌1 ನೆಗೆಟಿವ್ ಬಂದರೂ ಲಕ್ಷಣ ಇದ್ದರೆ ನಿಗಾ ಬಿಡಬಾರದು.

ಖಾಸಗಿ ಲ್ಯಾಬ್, ಆಸ್ಪತ್ರೆಗಳಿಗೆ ರಾಜ್ಯ ಸರ್ಕಾರ 2024ರ ಜುಲೈನಲ್ಲಿ ದರ ನಿಗದಿ ಮಾಡಿತ್ತು. ಎಲಿಸಾ ವಿಧಾನದ ಎನ್‌ಎಸ್‌1 ಮತ್ತು ಐಜಿಎಂ ತಲಾ 300 ರೂಪಾಯಿ, ಕಾರ್ಡ್ ಟೆಸ್ಟ್ 250 ರೂಪಾಯಿ. ಬಿಲ್ ಕೇಳಿ ತಗೊಳ್ಳಿ.

ಜ್ವರ ಅಂದ ಕೂಡಲೇ ಡೆಂಗ್ಯೂ ಒಂದೇ ಅಲ್ಲ. ಮಲೇರಿಯಾ, ಟೈಫಾಯ್ಡ್, ಇಲಿ ಜ್ವರ, ಚಿಕೂನ್‌ಗುನ್ಯಾ ಇವೆ. ಮಲೆನಾಡಿನ ಕಾಡಂಚಿನ ಊರಿನವರು ಉಣ್ಣೆ ಕಚ್ಚಿತ್ತು ಅಂತಾದರೆ ಅದನ್ನೂ ಡಾಕ್ಟರಿಗೆ ಹೇಳಲೇಬೇಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯೂ ಜೋರು ಜ್ವರ, ಮೈಕೈ ನೋವಿನಿಂದಲೇ ಶುರುವಾಗುತ್ತದೆ.

ಪ್ಲೇಟ್‌ಲೆಟ್ ಪಕ್ಕದ ಇನ್ನೊಂದು ಸಂಖ್ಯೆ

ರಕ್ತದ ರಿಪೋರ್ಟ್ ಬಂದಾಗ ಎಲ್ಲರ ಕಣ್ಣು ಪ್ಲೇಟ್‌ಲೆಟ್ ಸಾಲಿಗೆ ಹೋಗುತ್ತದೆ. ಅದೇ ಹಾಳೆಯಲ್ಲಿ ಹಿಮೆಟೋಕ್ರಿಟ್ ಅಥವಾ ಪಿಸಿವಿ ಅಂತ ಇನ್ನೊಂದು ಸಾಲಿರುತ್ತದೆ. ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನೋದನ್ನು ಅದು ಹೇಳುತ್ತದೆ. ಒಲೆ ಮೇಲಿಟ್ಟ ಸಾರು ಬತ್ತಿ ಗಟ್ಟಿಯಾಗುವ ಹಾಗೆ, ನೀರಿನಂಶ ಸೋರಿದರೆ ರಕ್ತ ಗಟ್ಟಿಯಾಗಿ ಈ ಸಂಖ್ಯೆ ಏರುತ್ತದೆ. 40 ಇದ್ದದ್ದು 48 ಆದರೆ ಶೇ 20ರಷ್ಟು ಏರಿಕೆ. ಅದು ಸೋರಿಕೆಯ ಸ್ಪಷ್ಟ ಗುರುತು. ಪ್ಲೇಟ್‌ಲೆಟ್ ಬೇಗ ಬೇಗ ಇಳಿಯುತ್ತಾ ಹಿಮೆಟೋಕ್ರಿಟ್ ಏರುತ್ತಾ ಇದ್ದರೆ ಎಚ್ಚರಿಕೆಯ ಗಂಟೆ.

ಅದಕ್ಕೇ ಜ್ವರದ ಶುರುವಲ್ಲಿ ಒಂದು ರಿಪೋರ್ಟ್ ಇದ್ದರೆ ಒಳ್ಳೇದು, ಆಮೇಲೆ ಹೋಲಿಸೋಕೆ ಬರುತ್ತೆ. ಹಳೇ ರಿಪೋರ್ಟ್ ಬಿಸಾಡಬೇಡಿ.

ಪ್ಲೇಟ್‌ಲೆಟ್ ಮಾಮೂಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಡೆಂಗ್ಯೂನಲ್ಲಿ ಲಕ್ಷಕ್ಕಿಂತ ಕೆಳಗೆ ಬರುವುದು ಸಾಮಾನ್ಯ. ಚೇತರಿಕೆ ಹಂತದಲ್ಲಿ ತಾನಾಗಿಯೇ ಏರುತ್ತದೆ. ರಕ್ತಸ್ರಾವ ಇಲ್ಲದೆ ಬರೀ ಸಂಖ್ಯೆ ಇಳಿದಿದೆ ಅಂತ ಎಲ್ಲರಿಗೂ ಪ್ಲೇಟ್‌ಲೆಟ್ ಹಾಕಬೇಕಿಲ್ಲ, ಅದನ್ನು ಡಾಕ್ಟರು ತೀರ್ಮಾನಿಸಲಿ. ಪಪ್ಪಾಯಿ ಎಲೆ ರಸ, ಕಿವಿ ಹಣ್ಣಿನ ಹಿಂದೆ ಓಡಾಡ್ತಾ ಆ ಎರಡು ದಿನದ ನಿಗಾ ತಪ್ಪಿಸಿಕೊಳ್ಳಬೇಡಿ. ಸೋರಿಕೆಗೆ ಅದು ಚಿಕಿತ್ಸೆ ಅಲ್ಲ.

ಇವು ಕಂಡರೆ ಕಾಯಬೇಡಿ, ಹೊರಡಿ

- ಹೊಟ್ಟೆ ಜೋರಾಗಿ, ಬಿಡದೆ ನೋಯುವುದು, ಮುಟ್ಟಿದರೂ ನೋವು
- ಪದೇ ಪದೇ ವಾಂತಿ, ಕುಡಿದದ್ದು ನಿಲ್ಲದೇ ಇರುವುದು
- ಮೂಗು, ವಸಡಿನಿಂದ ರಕ್ತ, ವಾಂತಿಯಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ
- ವಿಪರೀತ ಮಂಪರು ಅಥವಾ ಚಡಪಡಿಕೆ, ಎದ್ದು ನಿಂತರೆ ತಲೆಸುತ್ತು
- ಉಸಿರಾಟಕ್ಕೆ ಕಷ್ಟ, ಹೊಟ್ಟೆ ಉಬ್ಬರ
- ಕೈಕಾಲು ತಣ್ಣಗಾಗಿರುವುದು, ಉಗುರಿನ ಬಣ್ಣ 2 ಸೆಕೆಂಡ್ ಆದರೂ ಬಾರದಿರುವುದು
- ಬಿಪಿ ವ್ಯತ್ಯಾಸ 20 ಅಥವಾ ಅದಕ್ಕಿಂತ ಕಡಿಮೆ
- 6 ಗಂಟೆಯಿಂದ ಮೂತ್ರ ಇಲ್ಲ

ಇದರಲ್ಲಿ ಒಂದೇ ಒಂದು ಕಂಡರೂ ಸಾಕು, ಉಳಿದದ್ದು ಬರಲಿ ಅಂತ ಕಾಯಬೇಡಿ. ರಾತ್ರಿ ಆಗಿದ್ದರೆ, ಬಸ್ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಸೋರಿಕೆ ಬೇಗ ಗೊತ್ತಾದರೆ ಚಿಕಿತ್ಸೆ ದೊಡ್ಡದೇನಲ್ಲ: ಅಳತೆ ನೋಡಿ ಡ್ರಿಪ್ ಕೊಡುವುದು, ಗಂಟೆಗಂಟೆಗೆ ಪರೀಕ್ಷೆ ಮಾಡುವುದು. ತಡವಾದರೆ ಅದೇ ಕೆಲಸಕ್ಕೆ ಐಸಿಯು ಬೇಕಾಗುತ್ತದೆ.

ಗರ್ಭಿಣಿಯರು, ಒಂದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಶುಗರ್, ಹೃದಯ, ಕಿಡ್ನಿ ಕಾಯಿಲೆ ಇರುವವರು ಇಂಥ ಲಕ್ಷಣ ಬರುವ ಮೊದಲೇ ಡಾಕ್ಟರ ನಿಗಾದಲ್ಲಿ ಇರಬೇಕು. ಆಸ್ಪತ್ರೆಯಿಂದ ದೂರದ ಹಳ್ಳಿಯಲ್ಲಿ ಒಂಟಿಯಾಗಿ ಇರುವವರೂ ಅಷ್ಟೇ.

ಮನೆಯಲ್ಲಿದ್ದಾಗ ಏನು ಕೊಡಬೇಕು, ಏನು ಬೇಡ

ಡೆಂಗ್ಯೂ ವೈರಸ್ ಕೊಲ್ಲುವ ಮಾತ್ರೆ ಅಂತ ಇಲ್ಲ. ವಿಶ್ರಾಂತಿ, ದ್ರವ ಆಹಾರ, ಜ್ವರಕ್ಕೆ ಪ್ಯಾರಾಸಿಟಮಾಲ್ ಅಷ್ಟೇ. ಪ್ಯಾರಾಸಿಟಮಾಲನ್ನು ಡಾಕ್ಟರು ಹೇಳಿದ ಡೋಸ್‌ನಲ್ಲಿ ಮಾತ್ರ ತಗೊಳ್ಳಿ, ಜಾಸ್ತಿ ಆದರೆ ಲಿವರ್‌ಗೆ ಪೆಟ್ಟು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್ ಬೇಡವೇ ಬೇಡ, ರಕ್ತಸ್ರಾವ ಜಾಸ್ತಿ ಮಾಡುತ್ತವೆ. "ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಸಂತೆ ಇದೆ" ಅಂತ ಕೇಳಿ ಹಾಕಿಸಿಕೊಳ್ಳುವ ನೋವಿನ ಇಂಜೆಕ್ಷನ್ ಇದೇ ಗುಂಪಿಗೆ ಸೇರಿರುವುದು ಉಂಟು. ಹೃದಯದ ತೊಂದರೆಗೆ ಮೊದಲಿಂದ ಆಸ್ಪಿರಿನ್ ತಗೊಳ್ಳುವವರು ತಾವಾಗಿ ನಿಲ್ಲಿಸದೆ ಡಾಕ್ಟರನ್ನು ಕೇಳಿ.

ಓಆರ್‌ಎಸ್, ಗಂಜಿ, ಎಳನೀರು, ಮಜ್ಜಿಗೆ, ನಿಂಬೆ ಪಾನಕ ಸ್ವಲ್ಪ ಸ್ವಲ್ಪವಾಗಿ ಕೊಡ್ತಾ ಇರಿ. ಶುಗರ್ ಇರುವವರಿಗೆ ಸಕ್ಕರೆ ಹಾಕಿದ್ದು ಬೇಡ, ಕಿಡ್ನಿ ತೊಂದರೆ ಇರುವವರು ಎಳನೀರಿಗೂ ಮೊದಲು ಡಾಕ್ಟರನ್ನು ಕೇಳಬೇಕು. ಬೀಟ್‌ರೂಟ್ ರಸ, ಕೋಲಾದಂಥ ಕೆಂಪು, ಕಂದು ಬಣ್ಣದ ಪಾನೀಯ ಕೊಡಬೇಡಿ. ವಾಂತಿ ಆದಾಗ ರಕ್ತವೋ ಜ್ಯೂಸೋ ಗೊತ್ತಾಗಲ್ಲ.

ಜ್ವರ ಇರುವವರನ್ನು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲೇ. ರೋಗಿಯನ್ನು ಕಚ್ಚಿದ ಸೊಳ್ಳೆ ಮುಂದೆ ಅದೇ ಮನೆಯವರನ್ನು, ಪಕ್ಕದ ಮನೆಯವರನ್ನು ಕಚ್ಚುತ್ತದೆ.

ಅಂಗಡಿಯವರಿಗೂ ಒಂದು ಮಾತು. ಈ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯಲ್ಲಿ ಅಲ್ಲ, ನಿಂತ ತಿಳಿ ನೀರಿನಲ್ಲಿ. ಹಿತ್ತಲಿನ ಹಳೇ ಟೈರ್, ಎಳನೀರು ಬುರುಡೆ, ಡ್ರಮ್, ಫ್ರಿಜ್ ಹಿಂದಿನ ಟ್ರೇ ಇವನ್ನೆಲ್ಲ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ದಂಡವನ್ನೂ ಗೊತ್ತು ಮಾಡಿದೆ. ಸೊಳ್ಳೆ ಮರಿ ಸಿಕ್ಕರೆ ಅಂಗಡಿ, ಹೋಟೆಲ್‌ಗಳಿಗೆ ನಗರದಲ್ಲಿ 1000, ಗ್ರಾಮೀಣ ಭಾಗದಲ್ಲಿ 500 ರೂಪಾಯಿ. ಮನೆಗಳಿಗೆ ನಗರದಲ್ಲಿ 400, ಗ್ರಾಮೀಣ ಭಾಗದಲ್ಲಿ 200 ರೂಪಾಯಿ.

ಮನೆಯಲ್ಲಿ ಈಗ ಯಾರಿಗಾದರೂ ಜ್ವರ ಇದ್ದರೆ, ಶುರುವಾದ ತಾರೀಖನ್ನು ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಜ್ವರ ಇಳಿದ ಮೇಲೆ ಇನ್ನೆರಡು ದಿನ ಅಂಗಡಿ ಬೇಡ, ಗದ್ದೆ ಬೇಡ, ಶಾಲೆಯೂ ಬೇಡ. ಆ ಎರಡು ದಿನ ಉಗುರು ಒತ್ತಿ ನೋಡಿ, ಬಿಪಿ ಕಳೆದು ನೋಡಿ, ಮೂತ್ರ ಆಯ್ತಾ ಅಂತ ಕೇಳಿ.